ಹಿತ್ತಲ ಹಕ್ಕಿಯ ಛಾಯಾಚಿತ್ರ

ಕಳೆದ ದೀಪಾವಳಿಯ ರಜೆಯಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ತಂದೆಯ ಮೊಬೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದ. ‘ಗುರುಗಳ, ನನಗ ಕಾಡಿನ ಫೋಟೋ ತಗೀಬೇಕಂತ ಭಾಳ ಆಸೆ ಐತ್ರಿ. ಆದರ ದಾಂಡೇಲಿಗೆ ನನ್ನ ಯಾರ ಕರಕೊಂಡ ಹೋಗ್ತಾರ್ರಿ?’ ಎಂದು ಕೇಳಿದ. ಅವನು ಹಾಗೆ ಕೇಳುತ್ತಿದ್ದಾಗಲೇ ಅವನ ಬೆನ್ನ ಹಿಂದಿನ ನುಗ್ಗೆಯ ಗಿಡದಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಸೂರಕ್ಕಿಯೊಂದು ಹೂವಿನಿಂದ ಹೂವಿಗೆ ಹಾರುತ್ತ ಮಕರಂದ ಹೀರುತ್ತಿತ್ತು. ಬಿಸಿಲು ಬಿದ್ದಾಗ ಅದರ ಕೊರಳು ನೇರಿಳೆಯಾಗಿ ಮಿಂಚುತ್ತಿತ್ತು, ನೆರಳಿಗೆ ಸರಿದಾಗ ಕಪ್ಪಾಗುತ್ತಿತ್ತು. ‘ಹಿಂದಕ ತಿರುಗಿ ನೋಡಪಾ’ ಎಂದೆ. ಅವನು ತಿರುಗುವಷ್ಟರಲ್ಲಿ ಹಕ್ಕಿ ಹಾರಿಹೋಯಿತು. ‘ಕಾಡು ಬಂದು ನಿನ್ನ ಬೆನ್ನ ಮುಟ್ಟಿ ಹೋತು’ ಎಂದು ನಕ್ಕೆ.

ವಾಚಕರೇ, ಈ ಹುಡುಗನ ತಪ್ಪು ನಮ್ಮೆಲ್ಲರ ತಪ್ಪೂ ಹೌದು. ವನ್ಯಜೀವಿಗಳ ಛಾಯಾಚಿತ್ರವೆಂದೊಡನೆ ಹುಲಿ, ಆನೆ, ಬಂಡೀಪುರ, ಕಬಿನಿ, ಲಕ್ಷಗಟ್ಟಲೆ ಬೆಲೆಯ ಯಂತ್ರ ಇವೇ ನಮ್ಮ ಕಣ್ಣಿಗೆ ಕಟ್ಟುತ್ತವೆ. ಮನೆಯಿಂದ ಒಂದು ಮೈಲಿಯೊಳಗೆ ಬಾಳುವ ಜೀವಗಳು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಈ ಸಮೀಪದ ಜೀವಗಳನ್ನು ಚಿತ್ರದಲ್ಲಿ ಹಿಡಿಯುವುದು ಹೇಗೆ, ಹಿಡಿಯುವಾಗ ಯಾವುದಕ್ಕೆ ಅಂಜಬೇಕು, ಹಿಡಿದದ್ದರಿಂದ ಯಾರಿಗೆ ಏನು ಪ್ರಯೋಜನ ಎಂಬ ಮೂರು ವಿಷಯಗಳನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಮೊದಲು ನಮ್ಮ ಸೀಮೆಯನ್ನೇ ನೋಡೋಣ. ಕಿತ್ತೂರಿನಿಂದ ರಾಮದುರ್ಗಕ್ಕೆ ನೇರವಾಗಿ ಒಂದು ಗೆರೆ ಎಳೆದರೆ ಅದು ಸುಮಾರು 70 ಕಿಲೋಮೀಟರು ಆದೀತು. ಈ ಅಲ್ಪ ದೂರದಲ್ಲಿ ನಿಸರ್ಗವು ಮೂರು ಸಲ ತನ್ನ ಉಡುಪನ್ನು ಬದಲಿಸುತ್ತದೆ. ಕಿತ್ತೂರಿನ ಕಡೆ ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಗಿಡಮರ ಹೆಚ್ಚು. 1824ರಲ್ಲಿ ರಾಣಿ ಚನ್ನಮ್ಮನ ಸೈನ್ಯ ಥ್ಯಾಕರೆಯ ದಂಡನ್ನು ಸೋಲಿಸಿದ ಆ ಊರಿನ ಕೋಟೆಯಲ್ಲಿ ಈಗ ಅರಮನೆಯ ಹಾಳುಗೋಡೆಗಳಷ್ಟೇ ನಿಂತಿವೆ. ಹಳೆಯ ಗೋಡೆಯ ಬಿರುಕೆಂದರೆ ಗಿಳಿ, ಗೊರವಂಕ, ಪಾರಿವಾಳ, ಹಾಲಕ್ಕಿಗಳಿಗೆ ಕಟ್ಟಿಸಿಕೊಟ್ಟ ಮನೆಯೇ. ಬುಡಬುಡಿಕೆಯವನು ಯಾವ ಹಕ್ಕಿ ನುಡಿಯಿತೆಂದು ಬೆಳಗಿನ ಜಾವ ನಮಗೆ ಶಕುನ ಹೇಳುತ್ತಾನೆಯೋ ಆ ಹಾಲಕ್ಕಿ ಬೇರೆ ಯಾವುದೂ ಅಲ್ಲ. ಸಂಜೆಗೆ ಪೊಟರೆಯಿಂದ ಮುಖ ಹೊರಗೆ ಹಾಕಿ ನಮ್ಮನ್ನೇ ದಿಟ್ಟಿಸುವ, ಮೈತುಂಬ ಬಿಳಿ ಚುಕ್ಕೆಯ ಪುಟ್ಟ ಗೂಬೆ.

ಬೈಲಹೊಂಗಲಕ್ಕೆ ಬಂದರೆ ಎರೆಭೂಮಿ. ಹತ್ತಿ, ಜೋಳ, ಕಡಲೆ, ಈಚೆಗೆ ಕಬ್ಬು. ಹೊಲದ ಬದುವಿನ ಜಾಲಿಯ ಮೇಲೆ ಕಾಜಾಣ, ತಂತಿಯ ಮೇಲೆ ಕಳ್ಳಿಪೀರ ಮತ್ತು ನೀಲಕಂಠ, ಬಾವಿಯ ಮೇಲೆ ಬಾಗಿದ ಕೊಂಬೆಗೆ ಗೀಜಗನ ಗೂಡುಗಳ ತೋರಣ. ಸವದತ್ತಿಯಲ್ಲಿ ನೀರಿನ ರಾಜ್ಯ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಗುಡ್ಡವನ್ನು ಸೀಳಿಕೊಂಡು ಹರಿಯುವ ನವಿಲುತೀರ್ಥದಲ್ಲಿ ಅಣೆಕಟ್ಟೆಯಾದ ಮೇಲೆ ರೇಣುಕಾಸಾಗರವು ಊರೂರುಗಳ ಮಗ್ಗುಲಿಗೆ ಬಂದಿದೆ. ಚಳಿಗಾಲ ಕಳೆದು ಹಿನ್ನೀರು ಸರಿಯತೊಡಗಿದಂತೆ ದಂಡೆಯ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ, ಕೊಕ್ಕರೆಗಳು ಹೆಜ್ಜೆ ಹಾಕುತ್ತವೆ. ಕಪ್ಪುಬಿಳಿ ಮಿಂಚುಳ್ಳಿ ನೀರ ಮೇಲೆ ಒಂದೇ ತಾಣದಲ್ಲಿ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದಂತೆ ಮೀನಿನ ಮೇಲೆ ಎರಗುತ್ತದೆ. ರಾಮದುರ್ಗದ ಸೀಮೆ ಬರಗಲ್ಲಿನ ಸೀಮೆ. ಸುರೇಬಾನದ ಶಬರಿಕೊಳ್ಳದಂಥ ಕಲ್ಲು ಕೊರಕಲುಗಳಲ್ಲಿ ನವಿಲು, ಗೌಜಲ, ಬಂಡೆಯ ಮೇಲೆ ತಲೆ ಅಲ್ಲಾಡಿಸುವ ಓತಿಕ್ಯಾತ, ಬಿಲದ ಬಾಯಲ್ಲಿ ಬಿಸಿಲು ಕಾಯುವ ಉಡ. ಇಷ್ಟು ಸಂಪತ್ತನ್ನು ಬಸ್ಸಿನ ಕಿಟಕಿಯಿಂದ ಹಾದುಹೋಗಿಬಿಡುವ ನಾವು ದಾಂಡೇಲಿಯ ದಾರಿ ಕೇಳುತ್ತೇವೆ!

ಜೀವಂತ ಪ್ರಾಣಿಯನ್ನು ಅದರ ತಾಣದಲ್ಲಿಯೇ ಚಿತ್ರದಲ್ಲಿ ಹಿಡಿಯುವ ವಿದ್ಯೆ ಬಹಳ ಹಳೆಯದೇನಲ್ಲ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಿಚರ್ಡ್ ಮತ್ತು ಚೆರಿ ಕೀರ್ಟನ್ ಎಂಬ ಅಣ್ಣತಮ್ಮಂದಿರು ಈ ಮಾರ್ಗವನ್ನು ತುಳಿದರು. ಅವರ ಕಾಲದ ಕ್ಯಾಮೆರಾ ಗಾಜಿನ ತಟ್ಟೆಯ ಭಾರವಾದ ಪೆಟ್ಟಿಗೆ. ದೂರದ್ದನ್ನು ಹತ್ತಿರ ತರುವ ಶಕ್ತಿ ಅದಕ್ಕಿರಲಿಲ್ಲ. ಆದುದರಿಂದ ಮನುಷ್ಯನೇ ಹಕ್ಕಿಯ ಹತ್ತಿರ ಹೋಗಬೇಕಾಗಿತ್ತು. 1900ರಲ್ಲಿ ಅವರೊಂದು ಉಪಾಯ ಮಾಡಿದರು. ಎತ್ತಿನ ತೊಗಲನ್ನು ಚೌಕಟ್ಟಿಗೆ ಹೊದಿಸಿ ಪೊಳ್ಳು ಎತ್ತೊಂದನ್ನು ನಿಲ್ಲಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಹಿತ ತಾವೇ ಕುಳಿತರು. ಹಕ್ಕಿಗಳು ಎತ್ತಿಗೆ ಅಂಜಲಿಲ್ಲ. ನಮ್ಮಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಹುಲಿಯ ದಾರಿಗೆ ತಂತಿ ಕಟ್ಟಿ, ಹುಲಿ ತನ್ನ ಕಾಲಿನಿಂದ ತಾನೇ ಚಿತ್ರ ತೆಗೆದುಕೊಳ್ಳುವಂತೆ ಮಾಡಿ, 1927ರಲ್ಲಿ ಆ ಚಿತ್ರಗಳ ಪುಸ್ತಕವನ್ನು ಪ್ರಕಟಿಸಿದ. ರಾಜಮಹಾರಾಜರು ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಕಾಲ ಅದು.

ಕನ್ನಡ ನಾಡು ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲವೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಸೊಂಡೂರಿನ ಎಂ. ವೈ. ಘೋರ್ಪಡೆಯವರು ಕಪ್ಪುಬಿಳುಪಿನ ಚಿತ್ರಗಳಲ್ಲಿ ಕಾಡಿನ ಬೆಳಕು ನೆರಳುಗಳನ್ನು ಸೆರೆಹಿಡಿದರು. ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರ ಹೆಸರು ದೇಶಾಂತರಗಳಲ್ಲಿಯೂ ಪ್ರಸಿದ್ಧ. ಆದರೆ ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವ ಹೆಸರು ಪೂರ್ಣಚಂದ್ರ ತೇಜಸ್ವಿಯವರದು. 1938ರಲ್ಲಿ ಹುಟ್ಟಿ 2007ರಲ್ಲಿ ತೀರಿಕೊಂಡ ಈ ಕಾದಂಬರಿಕಾರರು ಮೂಡಿಗೆರೆಯ ತಮ್ಮ ತೋಟದಲ್ಲಿಯೇ ವರ್ಷಗಟ್ಟಲೆ ಕಾದು ಕುಳಿತು ಹಕ್ಕಿಗಳನ್ನು ಚಿತ್ರಿಸಿದರು. ‘ಹಕ್ಕಿ ಪುಕ್ಕ’ ಎಂಬ ಪುಸ್ತಕದಲ್ಲಿ ಅವುಗಳನ್ನು ಕನ್ನಡ ಹೆಸರಿನಿಂದಲೇ ಕನ್ನಡಿಗರಿಗೆ ಪರಿಚಯಿಸಿದರು. ಮನೆಯ ಸುತ್ತಲಿನದು ಅವರಿಗೆ ಸಾಕಾಗಿತ್ತು. ನಮಗೇಕೆ ಸಾಲದು?

ಇನ್ನು ವಿಧಾನಕ್ಕೆ ಬರೋಣ. ರೇಡಿಯೋ ಕೇಳುವವರಿಗೆ ನಾನು ಹೇಳಬೇಕಾದ ಮೊದಲ ಮಾತು ಸುಲಭವಾಗಿ ಒಪ್ಪಿಗೆಯಾದೀತು: ಕ್ಯಾಮೆರಾಕ್ಕಿಂತ ಮೊದಲು ಕಿವಿ ಬೇಕು. ನೂರು ಹಕ್ಕಿಗಳಲ್ಲಿ ಎಪ್ಪತ್ತನ್ನು ಅನುಭವಿಯಾದವನು ಕಣ್ಣಿಗಿಂತ ಮೊದಲು ಕಿವಿಯಿಂದ ಕಾಣುತ್ತಾನೆ. ಟುವ್ವಿ ಹಕ್ಕಿ ನಿಂಬೆಯ ಗಿಡದೊಳಗಿದ್ದರೆ ಕಣ್ಣಿಗೆ ಬೀಳದು, ಆದರೆ ಅದರ ‘ಟುವ್ವಿ ಟುವ್ವಿ’ ಓಣಿಗೆಲ್ಲ ಕೇಳುತ್ತದೆ. ಒಂದು ವಾರ ಬರಿಗೈಯಲ್ಲಿ ಹಿತ್ತಲಲ್ಲಿ ಕುಳಿತು ಕೇಳಿರಿ. ಯಾವ ದನಿ ಎಲ್ಲಿಂದ, ಎಷ್ಟು ಹೊತ್ತಿಗೆ, ಮುಂದೆ ಎತ್ತ ಹೋಗುತ್ತದೆ ಎಂಬುದು ತಿಳಿಯುತ್ತದೆ. ಹಕ್ಕಿಗಳು ನಮಗಿಂತ ಹೆಚ್ಚು ವೇಳೆಗೆ ನಿಷ್ಠರು. ನಿನ್ನೆ ಏಳು ಗಂಟೆಗೆ ಯಾವ ಕೊಂಬೆಯ ಮೇಲೆ ಕುಳಿತಿತ್ತೋ ಇಂದೂ ಅದೇ ಕೊಂಬೆಗೆ ಬರುವುದುಂಟು. ಇದು ತಿಳಿದವನು ಹಕ್ಕಿಯ ಹಿಂದೆ ಓಡುವುದಿಲ್ಲ, ಅದು ಬರುವ ಕಡೆ ಮೊದಲೇ ಹೋಗಿ ಕುಳಿತಿರುತ್ತಾನೆ.

ಎರಡನೆಯದು ಬೆಳಕು. ಸೂರ್ಯ ಹುಟ್ಟಿದ ಮೊದಲ ಎರಡು ತಾಸು, ಮುಳುಗುವ ಮೊದಲಿನ ಎರಡು ತಾಸು ಚಿತ್ರಕ್ಕೆ ಶ್ರೇಷ್ಠ. ಆಗ ಬೆಳಕು ಓರೆಯಾಗಿ ಬಂದು ಹಕ್ಕಿಯ ಕಣ್ಣಿನೊಳಗೆ ಒಂದು ಚುಕ್ಕೆಯಾಗಿ ಹೊಳೆಯುತ್ತದೆ. ಆ ಚುಕ್ಕೆಯೇ ಚಿತ್ರದ ಜೀವ. ನಮ್ಮ ಬಯಲುಸೀಮೆಯ ನಡುಹಗಲಿನಲ್ಲಿ ಬೆಳಕು ನೆತ್ತಿಯ ಮೇಲಿಂದ ಬಿದ್ದು ಕಣ್ಣು ಕಪ್ಪು ಕುಳಿಯಾಗುತ್ತದೆ. ಮೇಲಾಗಿ ಕಾದ ನೆಲದಿಂದೇಳುವ ಝಳಕ್ಕೆ ದೂರದ ಚಿತ್ರವು ನೀರಿನಲ್ಲಿ ಕಂಡಂತೆ ನಡುಗುತ್ತದೆ. ಎಂಥ ಬೆಲೆಯ ಮಸೂರವೂ ಆ ನಡುಕವನ್ನು ನಿಲ್ಲಿಸಲಾರದು.

ಮೂರನೆಯದು ದೂರ. ಕ್ಯಾಮೆರಾದ ಮಸೂರಕ್ಕೆ ಸಂಗಮದೂರವೆಂಬ ಒಂದು ಅಳತೆಯುಂಟು. 50 ಮಿಲಿಮೀಟರಿನ ಮಸೂರದಲ್ಲಿ ಕಾಳಿನಷ್ಟು ಕಾಣುವ ಹಕ್ಕಿ 400 ಮಿಲಿಮೀಟರಿನದರಲ್ಲಿ ಎಂಟು ಪಟ್ಟು ಉದ್ದಗಲವಾಗಿ ಕಾಣುತ್ತದೆ. ಇದಕ್ಕಾಗಿಯೇ ಜನ ಉದ್ದನೆಯ ಮಸೂರಕ್ಕೆ ಹಣ ಸುರಿಯುವುದು. ಆದರೆ ದುಡ್ಡಿಲ್ಲದವನಿಗೂ ಒಂದು ದಾರಿಯಿದೆ. ಹಕ್ಕಿಗೂ ನಿಮಗೂ ನಡುವಣ ದೂರವನ್ನು ಅರ್ಧಕ್ಕೆ ಇಳಿಸಿದರೆ ಚಿತ್ರದಲ್ಲಿ ಹಕ್ಕಿ ತುಂಬುವ ಜಾಗ ನಾಲ್ಕು ಪಟ್ಟಾಗುತ್ತದೆ. ದೂರವನ್ನು ಇಳಿಸುವುದು ಹೇಗೆ? ನೇರವಾಗಿ ಅದರ ಕಣ್ಣಿಗೆ ಕಣ್ಣಿಟ್ಟು ನಡೆದರೆ ಅದು ಬೇಟೆಯ ನಡಿಗೆ. ಹಕ್ಕಿಗೆ ಆ ನಡಿಗೆಯ ಪರಿಚಯ ಯುಗಯುಗಗಳದು. ಬೇರೆ ಯಾವುದೋ ಕೆಲಸಕ್ಕೆ ಹೊರಟವರಂತೆ ಓರೆಯಾಗಿ, ನಿಂತು ನಿಂತು, ಬಾಗಿ ನಡೆಯಬೇಕು. ಇನ್ನೂ ಮೇಲಾದುದು, ನಡೆಯದೆ ಕುಳಿತುಬಿಡುವುದು. ಕೀರ್ಟನ್ ಸೋದರರು ತೊಗಲಿನ ಎತ್ತು ಮಾಡಿದರು. ನಮಗೆ ಆ ಶ್ರಮವೇ ಇಲ್ಲ. ನಮ್ಮಲ್ಲಿ ಇನ್ನೂ ನಿಜವಾದ ಎತ್ತುಗಳಿವೆ. ಹೊಲದಲ್ಲಿ ಕೊಳ್ಳು ಹರಿದ ಬಂಡಿಯ ಕೆಳಗೆ ನೆರಳಿನಲ್ಲಿ ಕುಳಿತು ನೋಡಿರಿ. ಕಾಲುನಡಿಗೆಯವನನ್ನು ನೂರು ಮಾರಿನಿಂದಲೇ ಕಂಡು ಏಳುವ ಹಕ್ಕಿ ಬಂಡಿಯ ಹತ್ತು ಮಾರಿನೊಳಗೆ ನಿಶ್ಚಿಂತೆಯಾಗಿ ಮೇಯುತ್ತದೆ. ಗಳೆ ಹೊಡೆಯುವ ರೈತನ ಹಿಂದೆ ಹುಳಕ್ಕಾಗಿ ಬೆಳ್ಳಕ್ಕಿ ನಡೆಯುವುದಿಲ್ಲವೆ? ಅದು ಅವನನ್ನು ಎತ್ತಿನ ಒಂದು ಅಂಗವೆಂದೇ ತಿಳಿದಿರುತ್ತದೆ.

ನಾಲ್ಕನೆಯದು ವೇಗ. ಕುಳಿತ ಹಕ್ಕಿಗೆ ಕ್ಯಾಮೆರಾದ ಕವಾಟವು ಒಂದು ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಹೊತ್ತು ತೆರೆದರೆ ಸಾಕು. ಹಾರುವ ಹಕ್ಕಿಗೆ ಸಾವಿರದ ಒಂದು, ಎರಡು ಸಾವಿರದ ಒಂದು ಭಾಗ ಬೇಕಾದೀತು. ಇಲ್ಲವಾದರೆ ರೆಕ್ಕೆ ಹೊಗೆಯಂತೆ ಕಾಣುತ್ತದೆ. ಕವಾಟ ಬೇಗ ಮುಚ್ಚಿದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಆದುದರಿಂದ ಬೆಳಕು ಇರುವ ಕಡೆಯೇ ಹಾರುವ ಹಕ್ಕಿಗೆ ಕಾಯಬೇಕು.

ಮೊಬೈಲು ಒಂದೇ ಇದ್ದವರು ಎದೆಗುಂದಬೇಕಾಗಿಲ್ಲ. ದೂರದ ಹಕ್ಕಿ ಅದಕ್ಕೆ ಎಟುಕದು ನಿಜ, ಆದರೆ ಗೇಣಿನೊಳಗಿನ ಲೋಕಕ್ಕೆ ಅದು ದೊಡ್ಡ ಕ್ಯಾಮೆರಾಗಳಿಗಿಂತ ಅನುಕೂಲ. ಹಿತ್ತಲ ನಿಂಬೆಯ, ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಒಂದು ಹುಳವಿರುತ್ತದೆ. ವೈರಿಗಳು ತನ್ನನ್ನು ಹಿಕ್ಕೆಯೆಂದು ಬಗೆದು ಬಿಟ್ಟುಹೋಗಲಿ ಎಂಬುದೇ ಅದರ ವೇಷ. ಬೆಳೆದಂತೆ ಅದು ಎಲೆಯ ಹಸಿರಾಗುತ್ತದೆ, ಕೋಶ ಕಟ್ಟುತ್ತದೆ, ಕೊನೆಗೊಂದು ಬೆಳಗು ಚಿಟ್ಟೆಯಾಗಿ ಹಾರುತ್ತದೆ. ದಿನಕ್ಕೊಂದರಂತೆ ತೆಗೆದ ಆ ಚಿತ್ರಗಳ ಸಾಲು ಯಾವ ಹುಲಿಯ ಚಿತ್ರಕ್ಕೂ ಕಡಿಮೆಯದಲ್ಲ. ಹಾಗೆಯೇ ಗೀಜಗ. ಸಲೀಂ ಅಲಿಯವರು 1930ರಲ್ಲಿ ಮುಂಬಯಿಯ ಬಳಿಯ ಕಿಹೀಮ್ ಹಳ್ಳಿಯಲ್ಲಿ ಕುಳಿತು ಕಂಡುಕೊಂಡ ಸಂಗತಿಯನ್ನು ನೀವು ನಿಮ್ಮ ಬಾವಿಯ ಕಟ್ಟೆಯಿಂದಲೇ ಕಾಣಬಹುದು. ಗಂಡು ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷಿಸುತ್ತವೆ. ಒಂದು ಹೆಣ್ಣು ಒಪ್ಪಿದರೆ ಮಾತ್ರ ಉಳಿದರ್ಧ ಮುಗಿಯುತ್ತದೆ. ಅಲ್ಲಿಂದ ಗಂಡು ಇನ್ನೊಂದು ಗೂಡಿಗೆ ತೊಡಗಿ ಇನ್ನೊಬ್ಬಳನ್ನು ಕರೆಯುತ್ತದೆ! ಬಾವಿಯ ಈಚೆಯ ದಡದಲ್ಲಿ ಕುಳಿತರೆ ನಡುವೆ ನೀರಿರುವುದರಿಂದ ಅವು ನಿಮ್ಮನ್ನು ಲೆಕ್ಕಿಸುವುದಿಲ್ಲ.

ಇಲ್ಲಿಗೆ ವಿದ್ಯೆಯ ಮಾತು ಮುಗಿಯಿತು. ಇನ್ನು ಅಂಜಿಕೆಯ ಮಾತು. ಇದನ್ನು ಹೇಳಲು ನಾನು ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ.

1998ರ ಏಪ್ರಿಲ್ ತಿಂಗಳು. ನಾನಿನ್ನೂ ಹೊಸ ಮಾಸ್ತರ. ಉಳಿಸಿದ ಪಗಾರದಲ್ಲಿ ಹಳೆಯ ಕ್ಯಾಮೆರಾವೊಂದನ್ನು ಕೊಂಡಿದ್ದೆ. ಒಂದು ರೀಲಿಗೆ 36 ಚಿತ್ರ; ಒಂದೊಂದೂ ದುಡ್ಡು. ಬೈಲಹೊಂಗಲದ ಹೊರಗೆ ಬೀಳುಬಿದ್ದ ಹೊಲವೊಂದರಲ್ಲಿ ಟಿಟ್ಟಿಭ ಹಕ್ಕಿಯ ತತ್ತಿಗಳನ್ನು ಕಂಡೆ. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ನೆಲದ ಮೇಲಿನ ಸಣ್ಣ ತಗ್ಗಿನಲ್ಲಿ ಹರಳುಗಳ ನಡುವೆ, ಹರಳುಗಳ ಬಣ್ಣದವೇ ಆದ ನಾಲ್ಕು ತತ್ತಿ ಇಡುತ್ತದೆ. ಆಕಾಶ ಕಳಚಿ ಬಿದ್ದೀತೆಂದು ಕಾಲು ಮೇಲೆ ಮಾಡಿ ಮಲಗುತ್ತದೆಂದು ಜನ ನಗುವುದು ಇದನ್ನೇ. ತನ್ನ ತತ್ತಿಗಳನ್ನು ಕೊಂಡೊಯ್ದ ಸಮುದ್ರದ ಮೇಲೆ ಹಗೆ ಸಾಧಿಸಿತೆಂದು ಪಂಚತಂತ್ರ ಹೇಳುವುದೂ ಇದನ್ನೇ. ಆ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದ ನಾನು, ತತ್ತಿಯ ಮೇಲೆ ಕುಳಿತ ತಾಯಿಯ ಚಿತ್ರವೊಂದು ಬೇಕೆಂದು ಹಟ ತೊಟ್ಟೆ.

ಮುಂಜಾನೆ ಹನ್ನೊಂದಕ್ಕೆ ಹೋಗಿ ಏಳೆಂಟು ಮಾರು ದೂರದಲ್ಲಿ ಕುಳಿತೆ. ಅಡ್ಡವಿದ್ದ ಒಣಹುಲ್ಲನ್ನು ಕಿತ್ತು ಜಾಗ ತೆರವು ಮಾಡಿದೆ. ಎರಡೂ ಹಕ್ಕಿಗಳು ನೆತ್ತಿಯ ಮೇಲೆ ಸುತ್ತುತ್ತ ಅರಚುತ್ತಿದ್ದವು. ಈಗ ಬಂದೀತು, ಆಗ ಬಂದೀತು ಎಂದು ಕಾದೆ. ಒಂದು ತಾಸು ಮೇಲಾಯಿತು. ಕುರಿ ಕಾಯುವ ಮುದುಕರೊಬ್ಬರು ಅತ್ತ ಬಂದರು. ‘ಮಾಸ್ತರ, ಅದು ನಿಮಗ ಬೈಯಾಕತ್ತೈತ್ರಿ. ಏನ ಅಂತೈತಿ ತಿಳೀವಲ್ದೇನು?’ ಎಂದರು. ‘ಇನ್ನ ಸ್ವಲ್ಪ ಹೊತ್ತರೀ ಅಜ್ಜಾ’ ಎಂದೆ. ಅವರು ಕುರಿ ಹೊಡೆದುಕೊಂಡು ಹೋದರು. ಕೊನೆಗೆ ತಾಯಿ ಬಂದು ಕುಳಿತಿತು. ನಾಲ್ಕು ಚಿತ್ರ ತೆಗೆದುಕೊಂಡು ಹಿಗ್ಗಿನಿಂದ ಮನೆಗೆ ಬಂದೆ. ಅವು ಚೆನ್ನಾಗಿಯೇ ಬಂದವು.

ಆ ತತ್ತಿಗಳು ಒಡೆದು ಮರಿ ಬರಲಿಲ್ಲ. ಮರಿ ಬರಬೇಕಾದ ದಿನಗಳು ಕಳೆದು ಬಹಳವಾದರೂ ಆ ತಾಯಿ ಅವುಗಳ ಮೇಲೆ ಕುಳಿತೇ ಇತ್ತು. ಆಮೇಲೆ ಒಂದು ದಿನ ಹೊರಟುಹೋಯಿತು. ಕಾರಣ ನನಗೆ ತಿಳಿದದ್ದು ವರ್ಷಗಳ ಮೇಲೆ, ಒಂದು ಪುಸ್ತಕದಿಂದ. ನಮ್ಮ ಬೇಸಿಗೆಯಲ್ಲಿ ಟಿಟ್ಟಿಭವು ತತ್ತಿಯ ಮೇಲೆ ಕೂಡುವುದು ಕಾವು ಕೊಡುವುದಕ್ಕಷ್ಟೇ ಅಲ್ಲ, ನೆರಳು ಕೊಡುವುದಕ್ಕೆ. ನೀರಿನಲ್ಲಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ತತ್ತಿಗಳನ್ನು ತಂಪು ಮಾಡುವುದೂ ಉಂಟು. ಆ ಹಕ್ಕಿ ಒಂದು ತಾಸು ನನ್ನ ತಲೆಯ ಮೇಲೆ ಅರಚಿದ್ದು ಅದಕ್ಕೆ. ಆ ಹೊತ್ತಿನಲ್ಲಿ ಏಪ್ರಿಲ್ ಬಿಸಿಲಿಗೆ ಒಳಗಿನ ಜೀವಗಳು ಬೆಂದಿದ್ದವು.

ನಾನು ಪಂಡಿತ ಪರೀಕ್ಷೆಗೆ ಓದಿದವನು. ಕ್ರೌಂಚಗಳ ಜೋಡಿಯಲ್ಲಿ ಒಂದನ್ನು ಬೇಡನು ಹೊಡೆದಾಗ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂದು ಮಕ್ಕಳಿಗೆ ಕಲಿಸಿದವನು. ಆ ಕಥೆಯಲ್ಲಿ ನನ್ನ ಸ್ಥಾನ ಕವಿಯ ಕಡೆಗೆಂದೇ ತಿಳಿದಿದ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಓದಿದಾಗ ಆ ಭ್ರಮೆಯೂ ಹೋಯಿತು. ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ಕಾಡುಹಕ್ಕಿಯ ತತ್ತಿಗಳಿಗೆ ಅಥವಾ ಗೂಡಿಗೆ ತೊಂದರೆ ಮಾಡುವುದೂ ಬೇಟೆಯೇ ಎಂದು ಆ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಆ ದಿನ ಆ ಹೊಲದಲ್ಲಿದ್ದ ಬೇಡ ನಾನೇ. ಆ ನಾಲ್ಕು ಚಿತ್ರಗಳನ್ನು ನಾನು ಹರಿದು ಹಾಕಿಲ್ಲ. ಕ್ಯಾಮೆರಾ ಹಿಡಿದು ಬಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ಮೊದಲು ಅವುಗಳನ್ನು ತೋರಿಸಿ, ಆಮೇಲೆ ಉಳಿದ ಪಾಠ ಹೇಳುತ್ತೇನೆ.

ಆದುದರಿಂದ ಈ ಕೆಲವು ಮಾತುಗಳನ್ನು ದಯವಿಟ್ಟು ಮನಸ್ಸಿನಲ್ಲಿಡಿರಿ. ಗೂಡಿನ ಹತ್ತಿರ, ನೆಲದ ತತ್ತಿಯ ಹತ್ತಿರ ಚಿತ್ರಕ್ಕಾಗಿ ಹೋಗಬೇಡಿರಿ. ಕಂಡರೆ ಹಾಗೆಯೇ ಹಿಂದೆ ಸರಿಯಿರಿ. ನೀವು ತುಳಿದ ಹುಲ್ಲಿನ ದಾರಿ ನಾಯಿಗೂ ಮುಂಗುಸಿಗೂ ದಾರಿಯಾದೀತು. ಹಕ್ಕಿ ಒಂದೇ ಸಮನೆ ಕೂಗುತ್ತಿದ್ದರೆ, ಬಾಯಲ್ಲಿ ಹುಳವಿಟ್ಟುಕೊಂಡೂ ಮರಿಗಳ ಕಡೆ ಹೋಗದೆ ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದರೆ, ಅದು ನಿಮಗೆ ಹೇಳುತ್ತಿರುವ ಮಾತು ಒಂದೇ: ಏಳು. ಮೊಬೈಲಿನಿಂದ ಹಕ್ಕಿಯ ಕೂಗನ್ನು ಹಾಕಿ ಅದನ್ನು ಕರೆಯುವುದು ಈಗಿನ ಒಂದು ಚಾಳಿ. ಗಂಡು ಹಕ್ಕಿ ತನ್ನ ಎಲ್ಲೆಯೊಳಗೆ ವೈರಿ ಬಂದನೆಂದು ತಿಳಿದು ಉಣ್ಣುವ ಹೊತ್ತನ್ನೂ ಕಾಯುವ ಹೊತ್ತನ್ನೂ ಇಲ್ಲದ ವೈರಿಯ ಹುಡುಕಾಟದಲ್ಲಿ ಕಳೆಯುತ್ತದೆ. ರಾತ್ರಿ ಗೂಬೆಯ ಕಣ್ಣಿಗೆ ಮಿಂಚುದೀಪ ಹೊಡೆಯಬೇಡಿರಿ. ಇನ್ನೊಂದು ಮಾತು. ಇಂದಿನ ಮೊಬೈಲು ಚಿತ್ರದ ಜೊತೆಗೆ ಅದನ್ನು ತೆಗೆದ ತಾಣವನ್ನೂ ಒಳಗೊಳಗೇ ಬರೆದಿಡುತ್ತದೆ. ನಕ್ಷತ್ರ ಆಮೆ, ಉಡ, ಗೂಬೆಗಳನ್ನು ಕದ್ದು ಮಾರುವವರು ನಮ್ಮ ನಾಡಿನಲ್ಲಿದ್ದಾರೆ. ಇಂಥವುಗಳ ಚಿತ್ರವನ್ನು ಹಂಚುವಾಗ ತಾಣದ ಗುರುತನ್ನು ತೆಗೆದುಹಾಕಿ, ಊರ ಹೆಸರನ್ನು ಹೇಳದಿರುವುದೇ ಲೇಸು.

ಇಷ್ಟೆಲ್ಲ ಕಟ್ಟಳೆಯಿದ್ದ ಮೇಲೆ ಈ ಉಸಾಬರಿಯೇ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ನೀಲಕಂಠದ ಮಾತು ಹೇಳುತ್ತೇನೆ.

ನೀಲಕಂಠ ನಮ್ಮ ಕರ್ನಾಟಕದ ರಾಜ್ಯಪಕ್ಷಿ. ದಸರೆಯ ದಿನ ಅದರ ದರ್ಶನವಾದರೆ ಶುಭವೆಂದು ನಮ್ಮ ಹಿರಿಯರು ನಂಬಿದ್ದರು. ತಂತಿಯ ಮೇಲೆ ಕುಳಿತಾಗ ಮಂಕಾದ ಕಂದುಹಕ್ಕಿ. ರೆಕ್ಕೆ ಬಿಚ್ಚಿತೆಂದರೆ ಆಕಾಶದ ನೀಲಿ, ಕಡಲಿನ ನೀಲಿ ಎರಡೂ ಒಂದೇ ರೆಕ್ಕೆಯಲ್ಲಿ. ಈ ನೀಲಿ ಗರಿಯಲ್ಲಿ ನೀಲಿಯ ಬಣ್ಣದ್ರವ್ಯವೇ ಇಲ್ಲವೆಂದರೆ ನಂಬುವಿರಾ? ಸರ್ ಸಿ. ವಿ. ರಾಮನ್ನರು ಬೆಂಗಳೂರಿನಲ್ಲಿದ್ದಾಗ 1934ರಲ್ಲಿ ಇದೇ ಹಕ್ಕಿಯ ಗರಿಯನ್ನು ಪರೀಕ್ಷಿಸಿ ಬರೆದರು. ಗರಿಯ ಒಳಗಿನ ಅತಿ ಸೂಕ್ಷ್ಮವಾದ ರಚನೆಗೆ ತಾಗಿದ ಬೆಳಕು ಚದುರಿ ನಮಗೆ ನೀಲಿಯಾಗಿ ಕಾಣುತ್ತದೆ. ಛಾಯಾಚಿತ್ರಕಾರನಿಗೆ ಇದರಿಂದ ಒಂದು ಪಾಠವೂ ಇದೆ: ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ತೆಗೆದರೆ ಆ ನೀಲಿ ಉರಿಯುತ್ತದೆ, ಸೂರ್ಯನಿಗೆ ಎದುರಾಗಿ ತೆಗೆದರೆ ಆರಿಹೋಗುತ್ತದೆ.

ನಾನು ಹುಡುಗನಾಗಿದ್ದಾಗ ಬೈಲಹೊಂಗಲದಿಂದ ಸವದತ್ತಿಗೆ ಬಸ್ಸಿನಲ್ಲಿ ಹೋಗುವಾಗ ತಂತಿಯ ಮೇಲಿನ ನೀಲಕಂಠಗಳನ್ನು ಎಣಿಸುವುದು ಒಂದು ಆಟವಾಗಿತ್ತು. ಎರಡು ಕೈ ಬೆರಳು ಸಾಲುತ್ತಿರಲಿಲ್ಲ. ಈಗ ಒಂದೇ ಕೈ ಸಾಕು. ಇದು ನನ್ನ ಮುಪ್ಪಿನ ಕಣ್ಣಿನ ದೋಷವೆಂದು ಬಹಳ ದಿನ ತಿಳಿದಿದ್ದೆ. 2023ರಲ್ಲಿ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ಎಂಬ ವರದಿ ಪ್ರಕಟವಾಯಿತು. 942 ಜಾತಿಗಳ ಪರಿಶೀಲನೆ ನಡೆಸಿದ ಆ ವರದಿ 178 ಜಾತಿಗಳಿಗೆ ಕೂಡಲೇ ರಕ್ಷಣೆ ಬೇಕೆಂದಿತು. ಸಾಮಾನ್ಯವೆಂದು ಎಲ್ಲರೂ ತಿಳಿದಿದ್ದರೂ ಶೇಕಡ 30ರಷ್ಟು ಅಥವಾ ಅದಕ್ಕೂ ಹೆಚ್ಚು ಇಳಿದುಹೋದ 14 ಜಾತಿಗಳನ್ನು ಅದು ಬೇರೆಯಾಗಿ ಹೆಸರಿಸಿತು. ಅವುಗಳಲ್ಲಿ ನೀಲಕಂಠ ಒಂದು. ನನ್ನ ಕಣ್ಣು ಸುಳ್ಳು ಹೇಳಿರಲಿಲ್ಲ. ಇದೇ ವರದಿಯ ಪ್ರಕಾರ ನವಿಲು ಮಾತ್ರ ದೇಶದ ತುಂಬ ಹೆಚ್ಚುತ್ತಿದೆ. ನಮ್ಮ ರೈತರು ಅದನ್ನು ವರದಿಯಿಲ್ಲದೆಯೇ ಹೇಳುತ್ತಿದ್ದರು.

ಈಗ ಯೋಚಿಸಿರಿ: ಈ ಲೆಕ್ಕವನ್ನು ಮಾಡಿದವರು ಯಾರು? ಸರಕಾರದ ನೌಕರರಲ್ಲ. ದೇಶದ 30,000ಕ್ಕೂ ಹೆಚ್ಚು ಹವ್ಯಾಸಿಗಳು ತಮ್ಮ ಊರು, ತೋಟ, ಕೆರೆಗಳಲ್ಲಿ ಕಂಡ ಹಕ್ಕಿಗಳನ್ನು ಬರೆದು ಕಳಿಸಿದ ಸುಮಾರು 3 ಕೋಟಿ ದಾಖಲೆಗಳಿಂದ ಇದು ಸಿದ್ಧವಾಯಿತು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಜನ ತಮ್ಮ ಹಿತ್ತಲಿನ ಹಕ್ಕಿಗಳನ್ನು ಎಣಿಸುತ್ತಾರೆ. 1998ರಲ್ಲಿ ಅಮೆರಿಕೆಯಲ್ಲಿ ತೊಡಗಿದ ಈ ಪದ್ಧತಿ 2013ರಿಂದ ನಮ್ಮ ದೇಶದಲ್ಲಿಯೂ ನಡೆಯುತ್ತಿದೆ. ಬೆಂಗಳೂರು, ಮೈಸೂರುಗಳಿಂದ ಸಾವಿರಾರು ಪಟ್ಟಿಗಳು ಹೋಗುತ್ತವೆ. ಎರೆಭೂಮಿಯ ಹಳ್ಳಿಗಳಿಂದ ಹೋಗುವುದು ತೀರ ಕಡಿಮೆ. ಯಾವ ಊರಿನ ಹಕ್ಕಿಯನ್ನು ಯಾರೂ ಬರೆದಿಡಲಿಲ್ಲವೋ ಆ ಊರಿನಲ್ಲಿ ಅದು ಅಳಿದುಹೋದರೂ ಅಳಿದದ್ದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಬಯಲಿನ ಎರೆಭೂತ ಹಕ್ಕಿಯ ಹೆಸರು ಕೇಳಿದ್ದೀರಾ? ಮನುಷ್ಯನ ಸೊಂಟದೆತ್ತರದ ಆ ಹಕ್ಕಿ ಕರ್ನಾಟಕದಲ್ಲಿ ಈಗ ಉಳಿದಿದ್ದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ. ನಮ್ಮ ಊರುಗಳಲ್ಲಿ ಅದರ ಹೆಸರು ಬಲ್ಲ ಮುದುಕರೂ ಕಡಿಮೆಯಾಗುತ್ತಿದ್ದಾರೆ.

ಆದುದರಿಂದ ಚಿತ್ರದೊಡನೆ ನಾಲ್ಕು ಮಾತು ಬರೆದಿಡಿರಿ: ದಿನಾಂಕ, ವೇಳೆ, ತಾಣ, ಹಕ್ಕಿ ಏನು ಮಾಡುತ್ತಿತ್ತು. ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ಚಿತ್ರವಿದ್ದರೆ ತಿಳಿದವರು ಹೇಳುತ್ತಾರೆ. ಅಜ್ಜ ಅಜ್ಜಿಯರನ್ನು ಕೇಳಿ ಊರ ಹೆಸರನ್ನೂ ಬರೆಯಿರಿ. ಆ ಹೆಸರುಗಳು ಹಕ್ಕಿಗಳಿಗಿಂತ ಬೇಗ ಅಳಿಯುತ್ತಿವೆ. ಮಸುಕಾಗಿ ಬಂದ ಚಿತ್ರವೆಂದು ಅಳಿಸಬೇಡಿರಿ. ಬಹುಮಾನಕ್ಕೆ ಬೇಕಾದುದು ಸ್ಪಷ್ಟ ಚಿತ್ರ; ಸಾಕ್ಷಿಗೆ ಮಸುಕು ಚಿತ್ರವೂ ಆದೀತು. ನನ್ನ ಟಿಟ್ಟಿಭದ ಸ್ಪಷ್ಟ ಚಿತ್ರಕ್ಕಿಂತ, ತಂತಿಯ ಮೇಲಿನ ನೀಲಕಂಠದ ನಿಮ್ಮ ಮಸುಕು ಚಿತ್ರ ಸಾವಿರ ಪಾಲು ಮೇಲು.

ಇದಾದ ಮೇಲೆ ಬೇಕೆನಿಸಿದರೆ ಸ್ವಲ್ಪ ದೂರ ಹೋಗಿರಿ. ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮವಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಆದರೆ ಹಿತ್ತಲಿನಲ್ಲಿ ಕುಳಿತು ಕಲಿಯದವನಿಗೆ ಅಲ್ಲಿಯೂ ಏನೂ ಕಾಣದು.

ದೀಪಾವಳಿಯಲ್ಲಿ ಬಂದಿದ್ದ ಆ ಹುಡುಗ ಸಂಕ್ರಾಂತಿಯ ಹೊತ್ತಿಗೆ ಮತ್ತೆ ಬಂದ. ಮೊಬೈಲಿನ ಜೊತೆ ಕೈಯಲ್ಲಿ ಒಂದು ನೋಟುಪುಸ್ತಕವಿತ್ತು. ತನ್ನ ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ಕಂಡ 31 ಹಕ್ಕಿಗಳ ಪಟ್ಟಿ. ಚಿತ್ರವಿದ್ದುದು ಹನ್ನೊಂದಕ್ಕೆ ಮಾತ್ರ. ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ‘ಟಿಟ್ಟಿಭ, ನಮ್ಮ ಹೊಲದ ಹತ್ತಿರ. ಕೂಗಿತು. ತಿರುಗಿ ಬಂದೆ. ಫೋಟೋ ಇಲ್ಲ.’

ಆ ಪಟ್ಟಿಯಲ್ಲಿ ನಾನು ಗುರುತು ಹಾಕಿಕೊಟ್ಟದ್ದು ಆ ಸಾಲಿಗೆ.